ಕೊಲ್ಲೂರಿಗೆ ಹೊರಟು ಮರವಂತೆಯಿಂದ ಮರಳಿದ್ದು

ದಸರಾ ರಜೆ ಶುರುವಾಗಿ ಎರಡು ದಿನ ಆಗುವಷ್ಟರಲ್ಲಿ ಬ್ರಹ್ಮಾವರದ ನಮ್ಮ ಮನೆಯಲ್ಲಿ ಮಕ್ಕಳಿಬ್ಬರೂ ನನ್ನ ತಲೆ ತಿಂದು ಮುಗಿಸಿದ್ದರು. ಮೈದುನನ ಮಗ ನವೀನ ಮೈಸೂರು ದಸರಾ ನೋಡಲು ಹೋಗಿದ್ದ. ಆ ಸುದ್ದಿ ಕೇಳಿದಾಗಿನಿಂದ ಮಗಳು ಸ್ವಾತಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ತಮ್ಮ ಸುಹಾಸನದು ಒಂದೇ ರಾಗ: "ಅಮ್ಮ, ನಾವ್ ಎಲ್ಲಿಗ್ ಹೋಪುದ್?" ಗಂಡನ ಸಣ್ಣ ಜಿನಸಿ ಅಂಗಡಿಯನ್ನು ನಂಬಿದ ನಮಗೆ ಮೈಸೂರು ದೂರದ ಮಾತು. ಆದರೂ ಮೈಸೂರಿನಿಂದ ಬಂದವನ ಎದುರು ಮಗಳು ತಲೆ ತಗ್ಗಿಸಿ ಕೂರುವುದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಅದಕ್ಕೇ ಒಂದು ಅಗ್ಗದ ಪ್ರವಾಸ ಹೊಂದಿಸಿದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಒಂದೇ ಟಿಕೆಟಿಗೆ ಎರಡು ನೋಟ! ಅಲ್ಲಿಂದ ಬೈಂದೂರಿಗೆ ಹೋಗಿ ಕೊಲ್ಲೂರಿನ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಮೂಕಾಂಬಿಕೆ ದೇವಸ್ಥಾನದ ಊಟ. ವಂಡ್ಸೆ ದಾರಿಯಾಗಿ ವಾಪಸು. ನವರಾತ್ರಿಗೆ ಒಪ್ಪೊತ್ತು ಮಾಡುತ್ತಿದ್ದ ಅತ್ತೆಗೂ ಸಂತೋಷವಾಯಿತು. "ಅಮ್ಮನ ಕುಂಕುಮ ತಕಂಡ್ ಬಪ್ಪುಕ್ ಮರಿಬ್ಯಾಡ" ಎಂದು ಗೇಟಿನವರೆಗೆ ಬಂದು ಹೇಳಿದರು.

ಕುಂದಾಪುರದಲ್ಲಿ ಬಸ್ಸು ಬದಲಿಸಿದೆವು. ಮಕ್ಕಳಿಗೆ ಅರ್ಧ ಟಿಕೆಟು. ಕಿಟಕಿ ಯಾರಿಗೆ ಎಂಬ ಜಗಳ ತ್ರಾಸಿಯ ತನಕ ನಡೆಯಿತು. ಮರವಂತೆಯಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ಮಳೆಗಾಲ ಕಳೆದು ಸಮುದ್ರ ಶಾಂತವಾಗಿತ್ತು. "ನಮ್ಮೂರಗೂ ಸಮುದ್ರ ಇತ್ತಲ್ದಾ?" ಎಂದು ಸ್ವಾತಿ ಕೊಂಕು ತೆಗೆದಳು. ಬಂಡೆಯ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿಂದೆವು.

ಸ್ವಲ್ಪ ಆಚೆಗೆ ಎರಡು ಸಾಲು ಜನ ಸಮುದ್ರದೊಳಗಿಂದ ಹಗ್ಗ ಎಳೆಯುತ್ತಿದ್ದರು. ದಡದಲ್ಲೇ ನಿಂತು ಎಳೆಯುವ ಕೈರಂಪಣಿ ಬಲೆ. ನಾವು ಹತ್ತಿರ ಹೋಗಿ ನಿಂತೆವು. ತಲೆಗೆ ಬೈರಾಸು ಸುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಹ್ವಾಯ್ ಅಕ್ಕ, ಎಂತ ಕಾಣ್ತಾ ನಿಂತದ್ದ್? ಒಂದ್ ಕೈ ಹಿಡ್ಕಣಿ!"

ನಾನು ಹೂಂ ಅನ್ನುವ ಮೊದಲೇ ಸ್ವಾತಿ ಹಗ್ಗ ಹಿಡಿದಿದ್ದಳು. ಅವಳ ಹಿಂದೆ ಸುಹಾಸ, ಅವನ ಹಿಂದೆ ಸೆರಗು ಸಿಕ್ಕಿಸಿಕೊಂಡು ನಾನು. ಅಂಗೈ ಉರಿಯುತ್ತಿತ್ತು, ಕಾಲಡಿ ಮರಳು ಜಾರುತ್ತಿತ್ತು, ಮಗಳು ಗಂಟಲು ಹರಿಯುವ ಹಾಗೆ ಎಲ್ಲರ ಜೊತೆ ಕೂಗುತ್ತಿದ್ದಳು. ಬಲೆ ದಡಕ್ಕೆ ಬಂದಾಗ ಬೆಳ್ಳಗೆ ಮಿನುಗುವ ಮೀನಿನ ರಾಶಿ. ಹಿರಿಯರು ಒಂದು ಪ್ಲಾಸ್ಟಿಕ್ ತೊಟ್ಟೆಯ ತುಂಬ ಬಂಗುಡೆ ಹಾಕಿ ಸ್ವಾತಿಯ ಕೈಗೇ ಕೊಟ್ಟರು. ನಾನು ಸಂಕೋಚಪಟ್ಟೆ.

"ಹಗ್ಗ ಎಳ್ದವ್ರಿಗೆಲ್ಲ ಪಾಲ್ ಇತ್ತ್ ಅಕ್ಕ. ಬ್ಯಾಡ ಅಂಬುಕಾಗ" ಎಂದರು.

ರಸ್ತೆಗೆ ಬಂದು ಬೈಂದೂರು ಬಸ್ಸಿಗೆ ಕೈ ಅಡ್ಡ ಮಾಡಿದೆ. ಕೊಲ್ಲೂರಿಗೆ ಎಂದಾಗ ಕಂಡಕ್ಟರು ತೊಟ್ಟೆ ನೋಡಿ ನಕ್ಕರು. "ನವರಾತ್ರಿಲಿ ಮೀನ್ ಹಿಡ್ಕಂಡ್ ಅಮ್ಮನ್ ಕಾಂಬುಕ್ ಹೋತ್ರ್ಯಾ?"

ಆಗಲೇ ನನಗೆ ನೆನಪಾದದ್ದು. ಮನೆಯಲ್ಲಿ ಒಂಬತ್ತು ದಿನ ಮೀನಿನ ಹೆಸರೆತ್ತುವಂತಿಲ್ಲ, ನಾನು ಮೀನು ಮುಟ್ಟಿ ಕೊಲ್ಲೂರಿಗೆ ಹೊರಟಿದ್ದೆ! ನಾವು ಹತ್ತಲಿಲ್ಲ, ಬಸ್ಸು ಹೋಯಿತು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಮಗಳನ್ನು ರಮಿಸಿದೆ.

"ನಾ ಎಳ್ದದ್ದ್. ನಾ ಕೊಡ್ತಿಲ್ಲೆ" ಎಂದು ತೊಟ್ಟೆಯನ್ನು ಎದೆಗೆ ಅವುಚಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ರಜೆ ಶುರುವಾದ ಮೇಲೆ ಅವಳು ತನ್ನದು ಎಂದು ಹಿಡಿದುಕೊಂಡ ಮೊದಲ ವಸ್ತು ಅದು. ನಾನು ಮನಸ್ಸಿನಲ್ಲೇ ಮೂಕಾಂಬಿಕೆಗೆ ಕೈಮುಗಿದು ರಸ್ತೆ ದಾಟಿ ಕುಂದಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜನ ಮೂಗು ಮುಚ್ಚಿಕೊಂಡರು. ಸ್ವಾತಿ ಮಾತ್ರ ಮಹಾರಾಣಿಯ ಗತ್ತಿನಲ್ಲಿ ಕೂತಿದ್ದಳು.

ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. ಕುಂಕುಮಕ್ಕೆಂದು ಚಾಚಿದ ಕೈಯನ್ನು ವಾಸನೆ ಬಡಿದದ್ದೇ ಹಿಂದೆಗೆದುಕೊಂಡರು. ಸ್ವಾತಿಯೇ ಬಲೆ, ಹಗ್ಗ, ಪಾಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕೆಂಪಾದ ಅಂಗೈ ತೋರಿಸಿದಳು. ಅತ್ತೆ ಆ ಅಂಗೈಯನ್ನು ಬಹಳ ಹೊತ್ತು ನೋಡಿದರು.

"ಒಳ್ಗ್ ಮಾತ್ರ ತರ್ಬ್ಯಾಡ. ಹಿಂದಿನ್ ಗದ್ದೆ ಬದಿಗ್ ಹೋಗ್, ಉಪ್ಪ್ ನಾ ಕೊಡ್ತೆ. ಹಬ್ಬ ಕಳದ್ ಮೇಲೆ ತಿಂಬ."

ಅತ್ತೆ ದೂರದಲ್ಲಿ ನಿಂತು ಹೇಳಿಕೊಟ್ಟಂತೆ ಮೀನು ಸೀಳಿ, ಉಪ್ಪು ಹಾಕಿ, ಹಳೆಯ ಚಾಪೆಯ ಮೇಲೆ ಒಣಗಲು ಹರವಿದೆವು. ಮಾರನೆಯ ಬೆಳಗ್ಗಿನಿಂದ ಮಕ್ಕಳು ನನ್ನ ತಲೆ ತಿನ್ನುವುದನ್ನೇ ಬಿಟ್ಟರು. ಕಾಗೆ ಓಡಿಸುವುದು, ಬೆಕ್ಕನ್ನು ಬೆದರಿಸುವುದು, ಮೀನು ಮಗುಚಿ ಹಾಕುವುದು. ರಜೆ ಪೂರ್ತಿ ಅದೇ ಕೆಲಸ. ನನಗೆ ಪೈಸೆಯ ಖರ್ಚಿಲ್ಲ.

ನವೀನ ಮೈಸೂರಿನಿಂದ ಬಂದವನು ಅರಮನೆ, ಆನೆ, ದೀಪಗಳ ವರ್ಣನೆ ಶುರುಮಾಡಿದ. ಸ್ವಾತಿ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. ಹೇಳುತ್ತ ಹೇಳುತ್ತ ಅವನ ಕಣ್ಣು ಚಾಪೆಯ ಕಡೆಗೇ ಹೊರಳುತ್ತಿತ್ತು. "ನಂಗೂ ಒಂದ್ ಕೊಡ್ತ್ಯಾ?" ಎಂದು ಕೊನೆಗೆ ಕೇಳಿಯೇಬಿಟ್ಟ.

ಮಗಳು ತನ್ನ ಕೈಯಲ್ಲಿದ್ದ ಕೋಲನ್ನು ಅವನಿಗೆ ಕೊಟ್ಟಳು.

"ಕಾಗೆ ಓಡ್ಸ್. ನಿಂಗೂ ಪಾಲ್ ಇತ್ತ್."