ಅಕ್ಕನ ಮಿಷನ್ನಿಗೆ ಬಿಟ್ಟ ಎಣ್ಣೆ

ಪ್ರತಿ ಶುಕ್ರವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಶ್ಶು, ಒಂದು ಬನಿಯನ್ ಚೂರು, ಸಣ್ಣ ಸ್ಕ್ರೂಡ್ರೈವರು, ಮಿಷನ್ ಎಣ್ಣೆಯ ಪುಟ್ಟ ಬಾಟಲಿ, ಇಷ್ಟೇ ಸಾಮಾನು. ಬಿಚ್ಚುತ್ತೇನೆ, ಒರೆಸುತ್ತೇನೆ, ಎಣ್ಣೆ ಬಿಡುತ್ತೇನೆ, ಮುಚ್ಚಿಡುತ್ತೇನೆ. ಅದರಲ್ಲಿ ಯಾರೂ ಏನೂ ಹೊಲಿಯುವುದಿಲ್ಲ. ನನಗಂತೂ ಹೊಲಿಗೆ ಬರುವುದಿಲ್ಲ. ಒಂದು ಗುಂಡಿ ಹಾಕಲು ಕೂತರೂ ಬೆರಳು ಚುಚ್ಚಿಕೊಂಡು ಸೂಜಿಗೆ ಬೈಯುವವಳು ನಾನು. ಮಿಷನ್ ನನ್ನ ಅಕ್ಕನದು. ಅಕ್ಕ ಒಳಗಿನ ಕೋಣೆಯಲ್ಲೇ ಇದ್ದಾಳೆ. ನಾನು ಈ ಕೆಲಸಕ್ಕೆ ಕೂತ ಕೂಡಲೇ ಎಡಗೈಯಿಂದ ಬಾಗಿಲು ಹಾಕಿಕೊಳ್ಳುತ್ತಾಳೆ.

ಬಸವೇಶ್ವರನಗರದ ಈ ಮನೆಯಲ್ಲಿ ಇರುವವರು ನಾವಿಬ್ಬರೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ವಾಪಸ್ ಬಂದಳು. ಯಾಕೆ ಎಂದು ಕೆದಕಿದವರಿಗೆ "ಅಳತೆ ಸರಿಹೋಗ್ಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಆಮೇಲೆ ಕಾಲಲ್ಲಿ ತುಳಿಯುವ ಈ ಮಿಷನ್ ತಂದು ರವಿಕೆ ಹೊಲಿದಳು, ಸೀರೆಗೆ ಫಾಲ್ ಹಾಕಿದಳು, ನಾಗರಬಾವಿ ಕಡೆಯಿಂದ ಬರುತ್ತಿದ್ದ ಲಾ ಕಾಲೇಜು ಹುಡುಗಿಯರ ಕರಿಕೋಟನ್ನು ಬಿಗಿ ಮಾಡಿ, ಮದುವೆಯಾದ ಮೇಲೆ ಅದನ್ನೇ ಸಡಿಲ ಮಾಡಿ ಕೊಟ್ಟಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಬಿ.ಎಡ್. ತನಕ ಓದಿಸಿದ್ದು ಆ ಮಿಷನ್ನೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಮೂವತ್ತು ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿ ರಿಟೈರ್ ಆದೆ. ಯಂತ್ರದ ಭಾಗಗಳಿಗೆ ಎಣ್ಣೆಯನ್ನು ಏಕೆ ಬಿಡುತ್ತಾರೆ ಎಂಬ ಪ್ರಶ್ನೆಗೆ ಎರಡು ಅಂಕ. ಅದಕ್ಕೂ ಉತ್ತರ ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅಕ್ಕ ಮಿಷನ್ನನ್ನು ನೋಡಿಕೊಳ್ಳುತ್ತಿದ್ದ ರೀತಿಗೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಶುಕ್ರವಾರ ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡರೆ ಇವಳು ಮಿಷನ್ನಿಗೆ ಅಭ್ಯಂಜನ ಮಾಡಿಸುತ್ತಾಳೆ ಎಂದು ರೇಗಿಸುತ್ತಿದ್ದೆ. ಸೂಜಿಯ ಕೆಳಗಿನ ತಗಡು ಬಿಚ್ಚಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ಕೂತ ನೂಲಿನ ಧೂಳನ್ನು ಬ್ರಶ್ಶಿನಿಂದ ಎಬ್ಬಿಸಿ ತೆಗೆಯುತ್ತಿದ್ದಳು. ಬಾಯಿಂದ ಊದುತ್ತಿರಲಿಲ್ಲ, ಊದಿದರೆ ಉಸಿರಿನ ತೇವಕ್ಕೆ ತುಕ್ಕು ಹಿಡಿಯುತ್ತದಂತೆ. ಒಂದೊಂದು ತೂತಿಗೂ ಒಂದೇ ತೊಟ್ಟು ಎಣ್ಣೆ. ಆಮೇಲೆ ಹಳೇ ಬಟ್ಟೆಯ ಮೇಲೆ ಎರಡು ಸಾಲು ಹೊಲಿಗೆ, ಹೆಚ್ಚಾದ ಎಣ್ಣೆ ಅದಕ್ಕೇ ಇಳಿಯಲಿ ಅಂತ. ಆಯುಧಪೂಜೆಗೂ ಅವಳದು ಬೇರೆಯೇ ಶಾಸ್ತ್ರ. ಅರಿಶಿನ ಕುಂಕುಮ ಮರದ ಹಲಗೆಗೆ ಮಾತ್ರ, ಕಬ್ಬಿಣಕ್ಕಿಲ್ಲ. "ದೇವ್ರಿಗೆ ಎಲ್ಲಿಟ್ರೂ ಸೇರುತ್ತೆ ಕಣೇ, ಮಿಷನ್ನೊಳಗೆ ಪುಡಿ ಸೇರ್ಬಾರ್ದು" ಎನ್ನುತ್ತಿದ್ದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಹೋದ ವರ್ಷ ಆಷಾಢದಲ್ಲಿ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಭಾಗ ಬಿದ್ದುಹೋಯಿತು. ತೊದಲುತ್ತಿದ್ದ ಮಾತು ಒಂದು ತಿಂಗಳಿಗೆ ನೆಟ್ಟಗಾಯಿತು, ಗಣಪತಿ ಹಬ್ಬದ ಹೊತ್ತಿಗೆ ಕೋಲು ಹಿಡಿದು ಬಚ್ಚಲಿಗೆ ನಡೆಯುವಂತಾದಳು. ಕೈ ಮಾತ್ರ ಬರಲಿಲ್ಲ. ವಾರಕ್ಕೆ ಮೂರು ದಿನ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಮುಚ್ಚುಮರೆ ಇಲ್ಲದೆ ಹೇಳಿದ್ದಳು: "ಆಂಟಿ, ಈಗಿನ ಏಳೆಂಟು ತಿಂಗಳೇ ಮುಖ್ಯ. ಈಗ ಬಿಟ್ರೆ ಬೆರಳೆಲ್ಲ ಮಡಚ್ಕೊಂಡು ಬಿಗಿದುಹೋಗುತ್ತೆ, ಆಮೇಲೆ ಬಿಡಿಸೋಕಾಗಲ್ಲ." ಅಕ್ಕನೂ ಬಿಡಲಿಲ್ಲ. ದಿನಕ್ಕೆರಡು ಹೊತ್ತು ಬೆರಳು ಬಿಚ್ಚುವುದು, ಮಡಿಸುವುದು, ರಬ್ಬರ್ ಚೆಂಡು ಒತ್ತುವುದು. ನಾನು ಕೊಬ್ಬರಿ ಎಣ್ಣೆ ಹಾಕಿ ಭುಜದಿಂದ ಬೆರಳಿನವರೆಗೆ ತಿಕ್ಕುತ್ತಿದ್ದೆ.

ಆಯುಧಪೂಜೆಯ ದಿನ ನಾನು ಅವಳ ಕೈ ತಿಕ್ಕುತ್ತಿದ್ದಾಗ "ಮಿಷನ್ ಒರೆಸಿದ್ಯೇನೇ? ಎಣ್ಣೆ ಬಿಟ್ಯಾ?" ಎಂದು ಕೇಳಿದಳು. ಮಿಷನ್ ಎಣ್ಣೆಯ ಬಾಟಲಿ ಹಿಂಡಿದರೆ ಬರೀ ಗಾಳಿ ಬಂತು. ಬೀದಿಯ ಅಂಗಡಿಯವರೆಲ್ಲ ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದು, ಶಟರ್ ಎಳೆದು ಮನೆಗೆ ಹೋಗಿದ್ದರು. ನನ್ನ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. ಮನುಷ್ಯರ ಕೀಲಿಗೆ ಆಗುವುದು ಕಬ್ಬಿಣದ ಕೀಲಿಗೆ ಆಗದೇ ಇರುತ್ತದೆಯೇ ಎಂದುಕೊಂಡು ಎಲ್ಲ ತೂತಿಗೂ ಧಾರಾಳವಾಗಿ ಬಿಟ್ಟೆ. ಆಮೇಲೆ ಭಕ್ತಿ ಉಕ್ಕಿತು. ಈ ವರ್ಷ ಪೂಜೆಯಲ್ಲಿ ಕೊರತೆಯಾದರೆ ಅಕ್ಕನ ಕೈಗೇ ಕೊರತೆ ಎಂದು ಹೆದರಿ, ಚಕ್ರಕ್ಕೆ, ಮಿಷನ್ನಿನ ತಲೆಗೆ, ತೂತಿನ ಸುತ್ತ, ಎಲ್ಲೆಲ್ಲಿ ಜಾಗವಿತ್ತೋ ಅಲ್ಲೆಲ್ಲ ಕುಂಕುಮ ಮೆತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ಸೇವಂತಿಗೆ ಹಾರ ಬೇರೆ. "ಎಲ್ಲಾ ಆಯ್ತಕ್ಕ, ಎಣ್ಣೆನೂ ಬಿಟ್ಟೆ" ಎಂದೆ. ಅಕ್ಕ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಡಿಸೆಂಬರಿನ ಹೊತ್ತಿಗೆ ಅಕ್ಕನ ಬೆರಳುಗಳಲ್ಲಿ ಹಿಡಿತ ಬಂದಿತ್ತು. ಚೆಂಡು ಒತ್ತಿದರೆ ಸ್ವಲ್ಪ ತಗ್ಗುತ್ತಿತ್ತು. ಫಿಸಿಯೋ ಹುಡುಗಿ ಖುಷಿಯಾಗಿ, "ಚೆಂಡು ಸಾಕು ಆಂಟಿ. ಅವ್ರ ಕೈಗೆ ಗೊತ್ತಿರೋ ಕೆಲಸ ಕೊಡಿ, ಮಿಷನ್ ಚಕ್ರ ತಿರುಗಿಸಲಿ" ಎಂದಳು. ಧನುರ್ಮಾಸ ಹಿಡಿಯುವುದಕ್ಕೆ ಮೊದಲಿನ ಶುಕ್ರವಾರ ಗೊತ್ತು ಮಾಡಿದೆವು. ಹಿಂದಿನ ದಿನ ಚಕ್ರದ ಬೆಲ್ಟ್ ಕಳಚಿಟ್ಟೆ, ಹಗುರವಾಗಿರಲಿ ಅಂತ. ಚಕ್ರವನ್ನು ಮಾತ್ರ ತಿರುಗಿಸಿ ನೋಡಲಿಲ್ಲ. ಇಷ್ಟು ದಿನದ ಮೇಲೆ ಮೊದಲ ಕೈ ಅವಳದೇ ಆಗಲಿ ಎಂದು ಬೇಕೆಂದೇ ಮುಟ್ಟಲಿಲ್ಲ.

ಆ ಬೆಳಿಗ್ಗೆ ಎಷ್ಟು ಚಳಿ ಎಂದರೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿತ್ತು. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಅಕ್ಕನ ಕೈ ತಿಕ್ಕಿದೆ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ.

ಅಕ್ಕ ಒಳ್ಳೆ ಸೀರೆ ಉಟ್ಟು ಬಂದು ಸ್ಟೂಲಿನ ಮೇಲೆ ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ ಚಕ್ರದ ಮೇಲಿಟ್ಟಳು. ಬೆರಳುಗಳು ಒಂದೊಂದಾಗಿ ಚಕ್ರದ ಅಂಚನ್ನು ಹಿಡಿದವು, ನಾನು ಕಣ್ಣಾರೆ ನೋಡಿದೆ. ಆಮೇಲೆ ಎಳೆದಳು. ಚಕ್ರ ಅಲುಗಲಿಲ್ಲ. ಮತ್ತೆ ಎಳೆದಳು. ಭುಜ ನಡುಗಿತು, ಆ ಚಳಿಯಲ್ಲೂ ಹಣೆಯ ಮೇಲೆ ಬೆವರು ಬಂತು, ಕತ್ತಿನ ನರ ಎದ್ದು ನಿಂತಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಆಸೆ ಹೆಚ್ಚಾದಾಗಲೂ ನನಗೆ ಬರುವುದು ಕೋಪವೇ.

"ಏನಕ್ಕ ಇದು? ಇನ್ನೂ ಸ್ವಲ್ಪ ಜೋರಾಗಿ ಎಳಿ. ಮಗು ಕೂಡ ತಿರುಗಿಸುತ್ತೆ ಇದನ್ನ!"

ಅಕ್ಕ ಮೂರನೇ ಸಲ ಎಳೆಯಲಿಲ್ಲ. ಬೆರಳುಗಳನ್ನು ಎಡಗೈಯಿಂದ ಬಿಡಿಸಿಕೊಂಡಳು. "ಇದು ಸತ್ತ ಕೈ ಕಣೇ. ನೀವಿಬ್ರೂ ಸೇರ್ಕೊಂಡು ಸುಮ್ನೆ ಆಸೆ ತೋರಿಸಿದ್ರಿ" ಎಂದು ಎದ್ದು ಒಳಗೆ ಹೋದಳು. ಅವತ್ತಿನಿಂದ ಚೆಂಡು ಮುಟ್ಟಲಿಲ್ಲ. ಎಣ್ಣೆ ತಿಕ್ಕಲು ಹೋದರೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಫಿಸಿಯೋ ಹುಡುಗಿ ನಾಲ್ಕೈದು ಸಲ ಬಂದು, ಹಿಡಿತ ಬಂದಿದೆ ಎಂದು ಆಣೆ ಮಾಡಿ ಹೇಳಿದಳು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಕಡೆಗೆ ನಾನೇ ಆ ಹುಡುಗಿಗೆ ಬರಬೇಡ ಎಂದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನಾನೂ ಅದು ಸತ್ತ ಕೈ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ನನ್ನನ್ನು ಓದಿಸಿದ ಕೈ.

ಯುಗಾದಿ ಕಳೆದ ಮೇಲೆ ಅಕ್ಕ ಒಂದು ದಿನ "ಆ ಮಿಷನ್ ಯಾರಿಗಾದ್ರೂ ಕೊಟ್ಬಿಡು, ಕಣ್ಮುಂದೆ ಬೇಡ" ಎಂದಳು. ಅವಳ ಹಳೆಯ ಗಿರಾಕಿ ಒಬ್ಬಳು ಇಲ್ಲೇ ಹತ್ತಿರದ ಉಲ್ಲಾಳದಲ್ಲಿದ್ದಾಳೆ, ಮನೆಯಲ್ಲೇ ಫಾಲ್, ಕುಚ್ಚು ಹಾಕುವವಳು. ಅವಳಿಗೆ ಫೋನ್ ಮಾಡಿದೆ. ಬಂದಳು. ಮಿಷನ್ ಹೋಗುವುದನ್ನು ನೋಡಲಾರದೆ ಅಕ್ಕ ಕೋಣೆ ಸೇರಿಕೊಂಡಳು. ಆ ಹೆಂಗಸು ಚಕ್ರಕ್ಕೆ ಕೈ ಹಾಕಿದಳು, ಹುಬ್ಬು ಗಂಟಿಕ್ಕಿದಳು, ಎದ್ದು ನಿಂತು ಎರಡೂ ಕೈಯಲ್ಲಿ ಎಳೆದಳು. "ಆಂಟಿ, ಇದು ಜಾಮ್ ಆಗ್ಬಿಟ್ಟಿದೆ. ಒಂದಿಂಚೂ ಅಲ್ಲಾಡ್ತಿಲ್ಲ ನೋಡಿ" ಎಂದಳು.

ನಾನು ಅವಳನ್ನು ಸರಿಸಿ ಕೈ ಹಾಕಿದೆ. ನನ್ನ ಎರಡೂ ಕೈ ಗಟ್ಟಿಯಾಗಿವೆ, ಹತ್ತು ಕೇಜಿ ಅಕ್ಕಿ ಮೂಟೆ ಮಹಡಿಗೆ ಹೊರುತ್ತೇನೆ. ಕಾಲನ್ನು ಗೋಡೆಗೆ ಊರಿ ಎಳೆದೆ. ಚಕ್ರ ಅಲುಗಲಿಲ್ಲ. ಕುಸಿದು ಅಲ್ಲೇ ನೆಲದ ಮೇಲೆ ಕೂತೆ. ಆ ಹೆಂಗಸು ಬಿ.ಪಿ. ಇರಬೇಕು ಎಂದು ನೀರು ತಂದುಕೊಟ್ಟಳು.

ಮಾರನೆಯ ದಿನ ಮಿಷನ್ನಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ನಾಯಂಡಹಳ್ಳಿಗೆ ಒಯ್ದೆ. ಅಲ್ಲಿ ಗಾರ್ಮೆಂಟ್ಸ್ ಮಿಷನ್ ರಿಪೇರಿ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ತೂತಿಗೆ ಒಂದು ಸೂಜಿ ಚುಚ್ಚಿ ತೆಗೆದು ಮೂಸಿ ನೋಡಿದರು.

"ಯಾರಮ್ಮಾ ಇದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದು?"

"ನಾನೇ."

"ಏನ್ ಕೆಲ್ಸ ಮಾಡ್ತಿದ್ರಿ ನೀವು?"

"ಸೈನ್ಸ್ ಟೀಚರ್."

ಅವರು ಸೂಜಿಯನ್ನು ಚಿಂದಿಗೆ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು. ನಾನೇ ಕೇಳಿದೆ: "ಚಳಿಗಾಲದಲ್ಲಿ ಒಬ್ಬರು ಇದನ್ನ ತಿರುಗಿಸಕ್ಕೆ ನೋಡಿದ್ರು. ಕೈಯಲ್ಲಿ ಸ್ವಲ್ಪ ಶಕ್ತಿ ಕಡಿಮೆ ಇರೋರು. ಆಗ್ಲೇ ಹೀಗಾಗಿತ್ತಾ?"

"ಚಳೀಲಿ ಇನ್ನೂ ಮೋಸ ಅಮ್ಮಾ, ಒಳಗೇ ಹೆಪ್ಪು ಕಟ್ಟುತ್ತೆ. ಈಗ ಬಿಸಿಲಿಗೆ ಅಂಟು ಆಗಿದೆ. ಕುಂಕುಮ ಬೇರೆ ಸೇರ್ಕೊಂಡಿದೆ. ಪೈಲ್ವಾನ್ ಬಂದ್ರೂ ತಿರುಗ್ತಿರಲಿಲ್ಲ."

ಅವರೇ ಬಿಚ್ಚಿ ಕೊಡುತ್ತೇನೆಂದರು. ನಾನು ಬೇಡವೆಂದೆ, ಹಾಳು ಮಾಡಿದವಳು ನಾನು, ಉಜ್ಜುವವಳೂ ನಾನೇ ಆಗಬೇಕೆಂಬ ಹಟ. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು ತೋರಿಸಿಕೊಟ್ಟು, ಈಗ ಅಂಗಡಿಯಲ್ಲಿ ಸಿಗದ ಸೀಮೆಎಣ್ಣೆಯನ್ನು ಒಂದು ಖಾಲಿ ಕ್ವಾರ್ಟರ್ ಬಾಟಲಿಗೆ ಹಾಕಿ ಕೊಟ್ಟರು. ಅದನ್ನು ಹಿಡಿದು ಆಟೋ ಇಳಿದಾಗ ಪಕ್ಕದ ಮನೆಯವರು ನೋಡಿದ ನೋಟಕ್ಕೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ನಾಲ್ಕು ದಿನ ಹಿಡಿಯಿತು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಒಂದೊಂದೇ ಸ್ಕ್ರೂವನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಟ್ಟೆ. ತೂತಿಗೆ ಸೀಮೆಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಸೂಜಿಯಿಂದ ಕೆದಕಿದರೆ ಕಿವಿಯ ಗುಗ್ಗೆಯಂಥದ್ದು ಹಳದಿ ಕೆಂಪಾಗಿ ಬರುತ್ತಿತ್ತು. ಹಳದಿ ನನ್ನ ಎಣ್ಣೆ, ಕೆಂಪು ನನ್ನ ಭಕ್ತಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ಬ್ರಶ್ಶನ್ನು ಇನ್ನೂ ಜೋರಾಗಿ ತಿಕ್ಕಿದೆ. ಮೂರನೆಯ ದಿನ ಚಕ್ರ ಕಾಲು ಸುತ್ತು ಬಂತು. ನಾಲ್ಕನೆಯ ದಿನ ತಲೆಯನ್ನು ಮತ್ತೆ ಹಲಗೆಗೆ ಕೂರಿಸಿ, ಮಿಷನ್ ಎಣ್ಣೆ ಒಂದೊಂದೇ ತೊಟ್ಟು ಬಿಟ್ಟು ತಳ್ಳಿದರೆ ತಾನಾಗಿಯೇ ಎರಡು ಸುತ್ತು ತಿರುಗಿ ನಿಂತಿತು. ನಾನು ಹುಚ್ಚಿಯ ಹಾಗೆ ಅಳುತ್ತಾ ಅಕ್ಕನ ಕೋಣೆಗೆ ಓಡಿದೆ. ಇನ್ನೂ ಕಾಲ ಮಿಂಚಿಲ್ಲ, ನಿಜ ಗೊತ್ತಾದರೆ ಎದ್ದು ಬಂದು ಮತ್ತೆ ಶುರು ಮಾಡುತ್ತಾಳೆ ಎಂಬ ಆಸೆ ನನಗೆ.

ಎಲ್ಲವನ್ನೂ ಹೇಳಿದೆ. ಎಣ್ಣೆ, ಕುಂಕುಮ, ಚಳಿ, ಮೆಕ್ಯಾನಿಕ್ ಹೇಳಿದ ಪೈಲ್ವಾನ್ ಮಾತು, ಎಲ್ಲ. ಅಕ್ಕ ಕೋಲು ತೆಗೆದುಕೊಂಡು ಹೊರಗೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಅವಳ ಬಲಗೈಯನ್ನು ಎತ್ತಿ ಚಕ್ರದ ಮೇಲಿಡಲು ಹೋದೆ. ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಬಿಗಿದಿದ್ದವು. ಹೆಬ್ಬೆರಳನ್ನು ಬಿಡಿಸಲು ನೋಡಿದರೆ ಅಕ್ಕ ನೋವಿನಿಂದ ಹಲ್ಲು ಕಚ್ಚಿದಳು. ಹಾಗೇ ಮುಷ್ಟಿಯನ್ನೇ ಚಕ್ರಕ್ಕೆ ಒತ್ತಿಟ್ಟೆ. ಅದು ಜಾರಿ ತೊಡೆಯ ಮೇಲೆ ಬಿತ್ತು.

ಅಕ್ಕ ಎಡಗೈಯ ಒಂದು ಬೆರಳಿನಿಂದ ಚಕ್ರವನ್ನು ಮುಟ್ಟಿದಳು. ಅದು ಸದ್ದಿಲ್ಲದೆ ತಿರುಗಿತು. ಅದು ನಿಲ್ಲುವವರೆಗೂ ನೋಡಿದಳು.

"ಹಾಗಾದ್ರೆ ಅವತ್ತು ಇದು ಸರಿಯಾಗಿದ್ದಿದ್ರೆ ನನ್ ಕೈಲಿ ತಿರುಗ್ತಿತ್ತಾ?"

"ತಿರುಗ್ತಿತ್ತಕ್ಕ."

ಬೈಯಲಿ ಎಂದು ಕಾದೆ, ಎಡಗೈಯಲ್ಲಿ ಕೆನ್ನೆಗೆ ಹೊಡೆದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವಳು ಬಿದ್ದ ಕೈಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡು, "ಹೇಳ್ಬಾರ್ದಾಗಿತ್ತು ಕಣೇ ನೀನು" ಎಂದಳು. "ಸತ್ತೋಗಿದೆ ಅಂದ್ಕೊಂಡು ಹೇಗೋ ಇದ್ದೆ."

ಮಿಷನ್ನನ್ನು ಯಾರಿಗೂ ಕೊಡಲು ನನಗೆ ಮನಸ್ಸು ಬರಲಿಲ್ಲ, ಕೊಡು ಎಂದು ಅವಳೂ ಮತ್ತೆ ಹೇಳಲಿಲ್ಲ. ಫಿಸಿಯೋ ಹುಡುಗಿಯನ್ನು ಕೈಮುಗಿದು ಮತ್ತೆ ಕರೆಸಿದೆ. ಬೆರಳು ಮುಟ್ಟಿ ನೋಡಿ, ಅಕ್ಕನ ಎದುರಿಗೆ ಏನೂ ಹೇಳದೆ ಗೇಟಿನ ಹತ್ತಿರ ನನಗೊಬ್ಬಳಿಗೇ ಹೇಳಿ ಹೋದಳು. ಅಲ್ಲಿಂದ ಈಚೆಗೆ ಪ್ರತಿ ಶುಕ್ರವಾರ ನಾನು ತಗಡು ಬಿಚ್ಚಿ, ಊದದೆ, ಬ್ರಶ್ಶಿನಿಂದ ಧೂಳು ತೆಗೆದು, ಒಂದೊಂದು ತೂತಿಗೂ ಒಂದೇ ತೊಟ್ಟು ಎಣ್ಣೆ ಬಿಡುತ್ತೇನೆ. ಕಡೆಯಲ್ಲಿ ಚಕ್ರಕ್ಕೆ ಬೆರಳು ತಾಗಿಸಿ ನೋಡುತ್ತೇನೆ. ಈಗ ಅದನ್ನು ಮಗು ಕೂಡ ತಿರುಗಿಸುತ್ತದೆ.