ಸತ್ತ ನೀರಿನ ಕಾವಲುಗಾರ್ತಿ

ನಮ್ಮ ಕಟ್ಟಡದ ಮೂವತ್ತೆರಡು ಮನೆಯವರ ತಲೆಗೆ ಒಂದು ಮಾತು ಹೋಗಬೇಕಾದರೆ ಎಷ್ಟು ಚಳಿಗಾಲ ಬೇಕು? ನಾನು ಒಂಬತ್ತು ಎಣಿಸಿದ್ದೇನೆ. ಒಂಬತ್ತು ಚಳಿಗಾಲವೂ ಹೋಸಿಯತ್ ಓಪಾ, ಎಂದರೆ ನಮ್ಮೆಲ್ಲರ ಹೋಸಿಯತ್ ಅಕ್ಕ, ಅಂಗಳದಲ್ಲಿ ನಿಂತು ಹೇಳಿದ್ದು ಒಂದೇ ಮಾತು: ರೇಡಿಯೇಟರಿನ ನೀರು ಕದಿಯಬೇಡಿ. ನಾವು ಒಂಬತ್ತು ಸಲವೂ ತಲೆಯಾಡಿಸಿದೆವು. ಆಮೇಲೆ ಮನೆಗೆ ಹೋಗಿ, ಕಿಟಕಿಯ ಕೆಳಗೆ ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಕದ್ದು ಕೂರಿಸಿದ ನಲ್ಲಿ ಕಾಣದಂತೆ ಪರದೆ ಎಳೆದೆವು. ನಾವು ಎಂದರೆ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕಾಗಾನ್ ಊರಿನಲ್ಲಿ ರೈಲ್ವೆಯವರಿಗೆಂದು ಕಟ್ಟಿದ ನಾಲ್ಕು ಮಹಡಿಯ ಹಳೆಯ ಮನೆಗಳು ನಮ್ಮವು. ಊರಿನ ದೊಡ್ಡ ಬಾಯ್ಲರ್ ಮುಚ್ಚಿದ ಮೇಲೆ ಎಲ್ಲರೂ ಸೇರಿ ಅಂಗಳದ ಮೂಲೆಯಲ್ಲಿ ನಮ್ಮದೇ ಒಂದು ಸಣ್ಣ ಬಾಯ್ಲರ್ ಇಟ್ಟುಕೊಂಡೆವು. ಅಲ್ಲಿ ಕಾದ ನೀರು ಪೈಪಿನಲ್ಲಿ ಮೂವತ್ತೆರಡು ಮನೆ ಸುತ್ತಿ, ಬಿಸಿ ಕೊಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ಅದನ್ನು ನೋಡಿಕೊಳ್ಳಲು ಹೋಸಿಯತ್ ಓಪಾಗಿಂತ ತಕ್ಕವರು ಈ ಊರಿನಲ್ಲೇ ಇರಲಿಲ್ಲ. ಅವರು ಇಪ್ಪತ್ತೆಂಟು ವರ್ಷ ರೈಲ್ವೆ ಡಿಪೋದ ನೀರಿನ ಪ್ರಯೋಗಶಾಲೆಯಲ್ಲಿ ಕೂತು, ಎಂಜಿನ್ನಿಗೂ ಬಾಯ್ಲರಿಗೂ ಹಾಕುವ ನೀರಿನ ಗಡಸುತನ ಅಳೆದವರು. ಗಾಜಿನ ಲೋಟದಲ್ಲಿ ನೀರು, ಅದಕ್ಕೊಂದಿಷ್ಟು ಬಣ್ಣದ ಮದ್ದು. ನೀಲಿಯಾದರೆ ಮೆದು ನೀರು. ದಾಳಿಂಬೆ ರಸದಂತೆ ಕೆಂಪಾದರೆ ಸುಣ್ಣ ತುಂಬಿದ ನೀರು. ನಮ್ಮೂರಿನ ನಲ್ಲಿಯ ನೀರು ಯಾವತ್ತೂ ಕೆಂಪೇ.

ಕುಳ್ಳನೆಯ ದೇಹ, ತಲೆಗೆ ಹೂವಿನ ರುಮಾಲು, ಕಾಲಿಗೆ ಗಂಡಸರ ಬೂಟು, ಕೋಪವೋ ಮೂಗಿನ ತುದಿಯಲ್ಲಿ. ಕೋಟಿನ ಜೇಬಿನಲ್ಲಿ ಗೇಣುದ್ದದ ಒಂದು ಪೈಪಿನ ತುಂಡು. ಹಳೆಯ ಬಾಯ್ಲರಿನಿಂದ ಕತ್ತರಿಸಿದ್ದು. ಹೊರಗಿನಿಂದ ನೋಡಿದರೆ ಹೆಬ್ಬೆರಳು ಹೋಗುವಷ್ಟು ದಪ್ಪ, ಒಳಗೆ ಬಿಳಿಯ ಕಲ್ಲು ಕಟ್ಟಿಕೊಂಡು ಪೆನ್ಸಿಲ್ ಕೂಡ ತೂರುವುದಿಲ್ಲ. ಯಾರು ಸಿಕ್ಕರೂ ಅದನ್ನು ಮುಖಕ್ಕೆ ಹಿಡಿಯುತ್ತಿದ್ದರು.

"ನೋಡು ನಾರ್ಮತ್, ಕಣ್ಣು ಬಿಟ್ಟು ನೋಡು. ಪೈಪಲ್ಲಿ ಒಂದ್ಸಲ ತುಂಬಿದ ನೀರು, ಅದರಲ್ಲಿರೋ ಸುಣ್ಣಾನೆಲ್ಲ ಒಂದೇ ಸಲ ಬಿಟ್ಟುಬಿಡುತ್ತೆ. ಆಮೇಲೆ ಅದು ಸತ್ತ ನೀರು. ಸತ್ತ ನೀರು ಯಾರಿಗೂ ತೊಂದ್ರೆ ಕೊಡಲ್ಲ, ಇಡೀ ಚಳಿಗಾಲ ಸುಮ್ನೆ ಸುತ್ತುತ್ತಾ ಇರುತ್ತೆ. ನೀವು ಒಂದು ಬಕೆಟ್ ಕದ್ರೆ ನಾನು ಒಂದು ಬಕೆಟ್ ಹೊಸ ನೀರು ತುಂಬಬೇಕು. ಹೊಸ ನೀರು ಬಂತು ಅಂದ್ರೆ ಹೊಸ ಸುಣ್ಣ ಬಂತು. ಅರ್ಥ ಆಯ್ತಾ?"

"ಆಯ್ತು ಓಪಾ," ಎಂದೆ.

"ಏನೂ ಆಗಿಲ್ಲ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ."

ಹೊಸ ನೀರನ್ನು ಮೆದು ಮಾಡುವುದಕ್ಕೆಂದು ಅವರ ಹತ್ತಿರ ಒಂದು ಫಿಲ್ಟರ್ ಇತ್ತು. ಅದಕ್ಕೆ ಮೂಟೆಗಟ್ಟಲೆ ಉಪ್ಪು ಕರಗಿಸಿ ಹಾಕಿ ತೊಳೆಯಬೇಕು. ತೊಳೆದರೆ ದಿನಕ್ಕೆ ಹತ್ತು ಬಕೆಟ್ ಮೆದು ನೀರು ಕೊಡುತ್ತದೆ. ಹನ್ನೊಂದನೆಯ ಬಕೆಟ್ಟಿನಿಂದ ಒಳಗೆ ಹೋಗುವುದು ಬರೀ ಸುಣ್ಣ. ಅರವತ್ಮೂರು ವರ್ಷದ ಹೆಂಗಸು ಆ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ತರುವುದನ್ನು ನಾವು ಅಂಗಳದಲ್ಲಿ ಕೂತು ಹಸಿರು ಚಹಾ ಕುಡಿಯುತ್ತಾ ನೋಡುತ್ತಿದ್ದೆವು. ನೆನೆದರೆ ಈಗ ಮೈಯುರಿಯುತ್ತದೆ.

ನಮ್ಮ ಹೆಂಗಸರ ಕಷ್ಟವೂ ಸುಳ್ಳಲ್ಲ. ಜನವರಿಯಲ್ಲಿ ಒಲೆಯ ಗ್ಯಾಸು ಮೆಣಸಿನ ಕಾಳಿನಷ್ಟು ಉರಿ ಕೊಡುತ್ತದೆ, ಒಂದು ಕೆಟಲ್ ಕಾಯಲು ಒಂದು ಗಂಟೆ. ಪಲಾವ್ ಉಂಡ ತಟ್ಟೆಗೆ ತಣ್ಣೀರು ಬಿದ್ದರೆ ಕುರಿಬಾಲದ ಕೊಬ್ಬು ಮೇಣದಂತೆ ಹೆಪ್ಪುಗಟ್ಟಿ ಕೂರುತ್ತದೆ, ಉಗುರಲ್ಲಿ ಕೆರೆದರೂ ಬಿಡುವುದಿಲ್ಲ. ಮನೆಗೆ ಬಂದವರ ಕೈಗೆ ಊಟಕ್ಕೆ ಮುಂಚೆ ತಣ್ಣೀರು ಸುರಿದರೆ ಮರ್ಯಾದೆಯೇ ಹೋಯಿತು. ಇಷ್ಟೆಲ್ಲ ಇರುವಾಗ ಕಿಟಕಿಯ ಕೆಳಗೆ ಕುದಿಯುವ ನೀರು ಪುಕ್ಕಟೆ ಓಡುತ್ತಿದ್ದರೆ ಯಾರು ತಾನೇ ಕೈಕಟ್ಟಿ ಕೂರುತ್ತಾರೆ?

ಆದರೆ ಈ ಚಳಿಗಾಲ ಓಪಾ ಮೊದಲಿನ ಹಾಗೆ ಬರೀ ಬೈದು ಸುಮ್ಮನಾಗಲಿಲ್ಲ. ಕಾರಣವಿತ್ತು. ಅವರ ಮನೆ ನಾಲ್ಕನೆಯ ಮಹಡಿಯ ಕೊನೆಯದು, ಪೈಪಿನ ದಾರಿಯಲ್ಲೂ ಕಟ್ಟಕಡೆಯದು. ಮಗ ರೈಲಿನ ಕೆಲಸದ ಮೇಲೆ ವಾರಗಟ್ಟಲೆ ಹೊರಗೆ. ಮನೆಯಲ್ಲಿ ಸೊಸೆ ಆಯ್ದಿನ್ ಮತ್ತು ನಾಲ್ಕು ತಿಂಗಳ ಮೊಮ್ಮಗಳು. ಡಿಸೆಂಬರಿನಿಂದಲೇ ಆ ಮನೆಯ ರೇಡಿಯೇಟರುಗಳು ಉಗುರುಬೆಚ್ಚಗಾಗುತ್ತಿದ್ದವು, ಅಷ್ಟೇ. ಪೈಪು ಇನ್ನಷ್ಟು ಕಟ್ಟಿಕೊಂಡರೆ ಮೊದಲು ತಣ್ಣಗಾಗುವುದು ಆ ಕೂಸಿನ ಕೋಣೆ.

ಜನವರಿ ಎರಡನೆಯ ವಾರ ಹಕ್‌ಬೆರ್ದಿ ಅಕಾ ತನ್ನ ಮೊಮ್ಮಗನ ಸುನ್ನತಿಯ ಊಟ ಹಾಕಿಸಿದ. ಹಕ್‌ಬೆರ್ದಿ ನಮ್ಮ ಕಟ್ಟಡದ ಸಮಿತಿಯ ಹಿರಿಯ, ಎಲ್ಲರಿಗೂ ಅಕಾ, ಎಂದರೆ ಅಣ್ಣ. ಬಾಯಿ ದೊಡ್ಡದು, ಕೆಲಸ ಸೊನ್ನೆ. ಇನ್ನೂರು ಜನ ಉಂಡರು. ಕಟ್ಟಡದ ಹೆಂಗಸರೆಲ್ಲ ತಟ್ಟೆಗಳನ್ನು ಹಂಚಿಕೊಂಡು ತಂತಮ್ಮ ಮನೆಗೆ ಒಯ್ದು ತೊಳೆದರು. ಮರುದಿನ ಓಪಾ ಮೀಟರ್ ನೋಡಿದರೆ ಒಂದೇ ದಿನಕ್ಕೆ ತೊಂಬತ್ತು ಬಕೆಟ್ ಹೊಸ ನೀರು ಒಳಗೆ ಹೋಗಿತ್ತು.

ಅವತ್ತು ಅಂಗಳದಲ್ಲಿ ಸಭೆ ಸೇರಿಸಿದರು. ಲೋಟದಲ್ಲಿ ಕೆಂಪು ನೀರು ಹಿಡಿದು ಒಬ್ಬೊಬ್ಬರ ಮುಖಕ್ಕೂ ತೋರಿಸಿದರು.

ಹಕ್‌ಬೆರ್ದಿ ಅಕಾ ನಕ್ಕ. "ಒಳ್ಳೇ ಶರಬತ್ತು ಓಪಾ! ಎರಡು ಐಸ್ ಹಾಕಿದ್ರೆ ಮಾರಬಹುದು."

ಎಲ್ಲರೂ ನಕ್ಕರು. ಓಪಾ ನಗಲಿಲ್ಲ. ಚೀಲದಿಂದ ಒಂದು ದುಂಡನೆಯ ರೊಟ್ಟಿ ತೆಗೆದು, ಕಣ್ಣಿಗೊತ್ತಿಕೊಂಡು, ಎಲ್ಲರೆದುರು ಎತ್ತಿ ಹಿಡಿದರು. ನಮ್ಮ ನಗು ಅಲ್ಲೇ ನಿಂತಿತು. ರೊಟ್ಟಿ ಮುಟ್ಟಿ ಹೇಳಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ.

"ಈ ರೊಟ್ಟಿ ಆಣೆ. ಇನ್ನು ಮುಂದೆ ಯಾರ ಮನೇಲಿ ನೀರು ಕದ್ದಿದ್ದು ಎಲ್ಲರೆದುರು ಸಾಬೀತಾಗುತ್ತೋ, ಆ ನಲ್ಲಿ ಇರೋ ರೇಡಿಯೇಟರ್‌ನ ನನ್ನ ಕೈಯಾರೆ ಕತ್ತರಿಸ್ತೀನಿ. ಯಾರೇ ಆಗ್ಲಿ. ಹಕ್‌ಬೆರ್ದಿ, ನೀನೇ ಆದ್ರೂ."

"ಗೊತ್ತಾಗೋದು ಹೇಗೆ ಓಪಾ? ಮನೆಮನೆಗೆ ನುಗ್ಗಿ ಪರದೆ ಎತ್ತಿ ನೋಡ್ತೀರಾ?"

"ಅದು ನನ್ನ ತಲೆನೋವು."

ಆ ರಾತ್ರಿಯೇ ಅವರು ಬಾಯ್ಲರಿನ ನೀರಿಗೆ ಒಂದು ಬಣ್ಣ ಬೆರೆಸಿದ್ದರು. ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಡಿಪೋದಲ್ಲಿ ಬಳಸುತ್ತಿದ್ದ, ಯಾರಿಗೂ ಕೆಡುಕು ಮಾಡದ ಪುಡಿ. ದೀಪದ ಬೆಳಕಿನಲ್ಲಿ ನೋಡಿದರೆ ತೆಳು ಚಹಾದ ಬಣ್ಣ, ಯಾರಿಗೂ ಅನುಮಾನ ಬರುವುದಿಲ್ಲ. ಬಿಸಿಲು ಬಿದ್ದರೆ ಮಾತ್ರ ಎಳೆ ಹುಲ್ಲಿನಂತೆ ಹೊಳೆಯುವ ಹಸಿರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಭಾನುವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನ. ಹೆಂಗಸರು ಇನ್ನೂ ಕತ್ತಲಿರುವಾಗಲೇ ಎದ್ದು ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕಿಬಿಡುತ್ತಾರೆ. ಎಂಟು ಗಂಟೆಗೆ ಎದುರುಮನೆಗಳ ಮೇಲಿಂದ ಸೂರ್ಯ ಬಂದ. ನಾನು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ನೋಡನೋಡುತ್ತಿದ್ದಂತೆ ನಮ್ಮ ಬಿಳಿಯ ಮೇಜುಬಟ್ಟೆ ಹಸಿರಾಯಿತು. ಪಕ್ಕದ ಮನೆಯ ಹಾಸಿಗೆ ಬಟ್ಟೆ ಹಸಿರು. ಕೆಳಗೆ ಹಕ್‌ಬೆರ್ದಿಯ ಒಳಚಡ್ಡಿಗಳು ಸಾಲಾಗಿ ಹಸಿರು.

"ಅಯ್ಯೋ, ಬೇಗ ಬಾರೇ!" ಎಂದು ಹೆಂಡತಿಯನ್ನು ಕರೆದೆ.

ಅವಳು ಬಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಮುದುಕಿ ಕೆಲಸ! ಎಳೀರಿ ಒಳಗೆ, ಏನು ನೋಡ್ತಾ ನಿಂತಿದೀರಾ?"

ಎಳೆದೆ. ಹಗ್ಗ ಕಿತ್ತು ಬರುವಂತೆ ಎಳೆದೆ. ಎಲ್ಲ ಕಡೆಯೂ ಬಾಲ್ಕನಿಯ ಬಾಗಿಲುಗಳು ಧಡಧಡ ಬಡಿದುಕೊಂಡವು. ಐದು ನಿಮಿಷದಲ್ಲಿ ಇಡೀ ಕಟ್ಟಡದ ಮೇಲೆ ಒಂದು ಹಸಿರು ಚಿಂದಿಯೂ ಉಳಿಯಲಿಲ್ಲ, ಒಂದು ಬಾಲ್ಕನಿಯನ್ನು ಬಿಟ್ಟು. ನಾಲ್ಕನೆಯ ಮಹಡಿಯ ಕೊನೆಯ ಬಾಲ್ಕನಿಯಲ್ಲಿ ಕೂಸಿನ ಚೌಕದ ಬಟ್ಟೆಗಳು, ಎಣಿಸಿದರೆ ಹದಿನೆಂಟು, ಗಾಳಿಗೆ ಹಸಿರಾಗಿ ಹಾರಾಡುತ್ತಿದ್ದವು. ಆಯ್ದಿನ್ ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದಳೇನೋ, ಹೊರಗೆ ನೋಡಿಯೇ ಇರಲಿಲ್ಲ.

ಓಪಾ ಬಾಯ್ಲರ್ ಕೋಣೆಗೆ ಬೀಗ ಹಾಕಿ ಅಂಗಳಕ್ಕೆ ಬಂದಾಗ ಗಂಡಸರೆಲ್ಲ ಏನೂ ಅರಿಯದವರಂತೆ ಬೆಂಚಿನ ಮೇಲೆ ಕೂತಿದ್ದೆವು. ಅವರು ತಲೆಯೆತ್ತಿ ತಮ್ಮ ಬಾಲ್ಕನಿ ನೋಡಿದರು.

ಹಕ್‌ಬೆರ್ದಿ ಗಂಟಲು ಸರಿಮಾಡಿಕೊಂಡ. "ಕಳ್ಳರು ಸಿಕ್ಕಿದ್ರಾ ಓಪಾ? ರೊಟ್ಟಿ ಮುಟ್ಟಿ ಹೇಳಿದ್ರಲ್ಲ, ಯಾರೇ ಆಗ್ಲಿ ಅಂತ."

ನಾಚಿಕೆಗೆಟ್ಟವನ ಮನೆಯಲ್ಲಿ ಹಸಿರು ಚಡ್ಡಿಗಳು ಇನ್ನೂ ಒದ್ದೆ ಒದ್ದೆ ಇದ್ದವು. ಅದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನಮ್ಮ ಮೇಜುಬಟ್ಟೆಯ ಮಾತೂ ಬರುತ್ತಿತ್ತು.

ಓಪಾ ನನ್ನ ಕಡೆ ತಿರುಗಿದರು. "ನಾರ್ಮತ್, ಬಕೆಟ್ ಹಿಡ್ಕೊಂಡು ಬಾ," ಎಂದರು. ಸ್ಪ್ಯಾನರ್ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ.

ಆಯ್ದಿನ್ ಅಡುಗೆಮನೆಯಲ್ಲಿದ್ದಳು. ಅತ್ತೆಯ ಕೈಯಲ್ಲಿ ಸ್ಪ್ಯಾನರ್ ನೋಡಿದಳು, ಕಿಟಕಿಯಾಚೆ ಹಸಿರು ಬಟ್ಟೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಪರದೆಯನ್ನು ತಾನೇ ಸರಿಸಿದಳು. ರೇಡಿಯೇಟರಿನ ಬುಡದಲ್ಲಿ ಪುಟ್ಟದೊಂದು ನಲ್ಲಿ ಇತ್ತು.

"ಯಾವಾಗಿಂದ?" ಎಂದರು ಓಪಾ.

"ಡಿಸೆಂಬರಿಂದ, ಅಮ್ಮ. ನಿಮ್ಮ ಮಗನೇ ಹಾಕಿಕೊಟ್ರು. ನಿಮಗೆ ಹೇಳಬೇಡ ಅಂದ್ರು."

"ನಾನು ಈ ಮನೇಲೇ ಇದೀನಲ್ಲೇ! ಒಂದು ಮಾತು ಕೇಳಬಾರದಿತ್ತಾ?"

"ಏನಂತ ಕೇಳಲಿ? ನೀವು ಬೆಳಿಗ್ಗೆ ಎದ್ದು ಬಾಯ್ಲರ್‌ಗೆ ಹೋಗ್ತೀರಿ. ಪೈಪಿನ ಒಳಗೆ ಏನಾಗಿದೆ ಅಂತ ದಿನಾ ಹೇಳ್ತೀರಿ. ಇಲ್ಲಿ ನೋಡಿ." ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳ ಗೆಣ್ಣುಗಳೆಲ್ಲ ಒಡೆದು ರಕ್ತ ಕಟ್ಟಿಕೊಂಡಿತ್ತು. "ಚಳಿ ಶುರುವಾದ ಮೊದಲ ತಿಂಗಳು ತಣ್ಣೀರಲ್ಲೇ ಒಗೆದೆ. ಆಗ ಒಡೆದಿದ್ದು ಇನ್ನೂ ಮಾಗಿಲ್ಲ. ಮಗೂನ ಮುಟ್ಟೋಕೆ ಆಗ್ತಿರಲಿಲ್ಲ, ಕೈ ತಾಗಿದ್ರೆ ಚೀರ್ತಿತ್ತು."

ನಾನು ಗೋಡೆ ನೋಡುತ್ತಾ ನಿಂತೆ. ಓಪಾ ಮಂಡಿಯೂರಿ ಕೂತು ರೇಡಿಯೇಟರಿನ ಎರಡೂ ಬದಿಯ ತಿರುಪು, ನೀರು ನಿಲ್ಲುವಂತೆ, ಬಿಗಿದರು. ನೀರನ್ನು ನನ್ನ ಬಕೆಟ್ಟಿಗೆ ಬಿಟ್ಟರು. ನಟ್ಟು ಬಿಚ್ಚಿದರು. ರೇಡಿಯೇಟರನ್ನು ಕಳಚಿ ಗೋಡೆಗೆ ಒರಗಿಸಿದರು. ತೆರೆದ ಪೈಪಿನ ಬಾಯಿಗೆ ಮುಚ್ಚಳ ಹಾಕುವ ಮುಂಚೆ ಒಳಗೆ ಬೆರಳು ತೂರಿಸಿದರು. ಬೆರಳು ಒಂದು ಗೆಣ್ಣು ಹೋಗಿ ಸಿಕ್ಕಿಕೊಂಡಿತು. ಮುಚ್ಚಳ ಬಿಗಿದರು. ಆಣೆ ತೀರಿತು. ಕಟ್ಟಡದ ಮೂವತ್ತೆರಡು ಅಡುಗೆಮನೆಗಳಲ್ಲಿ ಆ ಒಂದು ಅಡುಗೆಮನೆ ಅವತ್ತಿನಿಂದ ತಣ್ಣಗಾಯಿತು.

ನಾನು ಹೊರಡಬಹುದಿತ್ತು. ಹೊರಡಲಿಲ್ಲ. ಓಪಾ ಕೆಟಲ್‌ನಲ್ಲಿ ನೀರು ತುಂಬಿ ಆ ಮೆಣಸಿನ ಕಾಳಿನ ಉರಿಯ ಮೇಲಿಟ್ಟರು. ಅದು ಕಾಯುವವರೆಗೆ ಒಂದು ಗಂಟೆ ಸ್ಟೂಲಿನ ಮೇಲೆ ಕೂತರು, ಬೂಟು ಕೂಡ ಬಿಚ್ಚದೆ. ಆಮೇಲೆ ಅತಿಥಿಗಳಿಗೆಂದು ಇಟ್ಟಿದ್ದ ತಾಮ್ರದ ಹೂಜಿ ಕೆಳಗಿಳಿಸಿ, ಬಿಸಿಗೆ ತಣ್ಣೀರು ಬೆರೆಸಿ ಹದ ನೋಡಿದರು.

"ಬಾ. ಕೈ ಚಾಚು."

ಆಯ್ದಿನ್ ಹಿಂದೆ ಸರಿದಳು. ನಮ್ಮಲ್ಲಿ ಸೊಸೆ ಅತ್ತೆಯ ಕೈಗೆ ನೀರು ಹಾಕುತ್ತಾಳೆ, ಕಿರಿಯರು ಹಿರಿಯರ ಕೈಗೆ ಹಾಕುತ್ತಾರೆ. ಇದು ತಲೆಕೆಳಗಾದದ್ದನ್ನು ನಾನು ಐವತ್ತನಾಲ್ಕು ವರ್ಷದಲ್ಲಿ ಕಂಡಿಲ್ಲ. "ಬೇಡಿ ಅಮ್ಮ, ಹೊರಗಿನವರು ಇದಾರೆ..."

"ಇರ್ಲಿ, ನೋಡ್ಲಿ. ಚಾಚು ಅಂದೆ."

ಚಾಚಿದಳು. ಓಪಾ ಆ ಒಡೆದ ಬೆರಳುಗಳ ಮೇಲೆ ಮೆಲ್ಲಗೆ ನೀರು ಸುರಿದರು. ಹುಡುಗಿ ಅಳತೊಡಗಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದರೆ ನನ್ನ ಮೇಲೆಯೇ. ಬೆಚ್ಚಗಿನ ಮನೆಯಲ್ಲಿ ಹಸಿರು ಮೇಜುಬಟ್ಟೆ ಬಚ್ಚಿಟ್ಟು, ಈ ತಣ್ಣನೆಯ ಅಡುಗೆಮನೆಗೆ ಬಕೆಟ್ ಹಿಡಿದು ಬಂದ ದೊಡ್ಡ ಮನುಷ್ಯ.

"ಓಪಾ," ಎಂದೆ. "ಆ ಸ್ಪ್ಯಾನರ್ ಸ್ವಲ್ಪ ಕೊಡ್ತೀರಾ? ನಮ್ಮನೇಗೂ ಬೇಕು."

ಅವರು ತಿರುಗಿ ನೋಡಲಿಲ್ಲ. ಹೂಜಿಯನ್ನು ಇನ್ನಷ್ಟು ಬಾಗಿಸಿದರು.

"ತಗೊಂಡು ಹೋಗು. ಸಂಜೆ ಒಳಗೆ ವಾಪಸ್ ತಂದಿಡು. ಬಿಸಿಲು ಬಂದಾಗ ನಾನು ಬಾಯ್ಲರ್ ಕೋಣೆ ಕಿಟಕೀಲೇ ನಿಂತಿದ್ದೆ, ನೀವು ಎಳ್ಕೊಂಡ ಹಸಿರೆಲ್ಲ ನೋಡಿದೀನಿ. ನಮ್ಮನೆ ಮೊದಲನೇದು, ನಿಮ್ಮದು ಎರಡನೇದು, ಇನ್ನೂ ಇಪ್ಪತ್ತು ಮನೆಯವರು ಕೇಳ್ಕೊಂಡು ಬರಬೇಕು."

ನಮ್ಮ ರೇಡಿಯೇಟರನ್ನೂ ಕಳಚಿ, ಸಂಜೆಯೊಳಗೆ ಸ್ಪ್ಯಾನರ್ ವಾಪಸ್ ತಂದಿಟ್ಟೆ. ಹೆಂಡತಿ ಮೂರು ದಿನ ಮಾತು ಬಿಟ್ಟಳು. ಇವತ್ತಿಗೆ ಇಪ್ಪತ್ತು ದಿನ. ಓಪಾ ಈಗಲೂ ಉಪ್ಪಿನ ಮೂಟೆ ಹೊರುತ್ತಾರೆ, ಆದರೆ ಒಂದು ತುದಿ ನಾನು ಹಿಡಿಯುತ್ತೇನೆ. ಸ್ಪ್ಯಾನರ್ ಅವರ ಬಾಗಿಲ ಹೊರಗೆ, ಎಲ್ಲರಿಗೂ ಕಾಣುವಂತೆ, ಮೊಳೆಗೆ ನೇತಾಡುತ್ತಿದೆ. ಯಾರೂ ಅದನ್ನು ಕೇಳಿಕೊಂಡು ಬಂದಿಲ್ಲ.