ಥೇಮ್ಸಪ್ಪ ಸಾಯುವಂತಿಲ್ಲ

ವೆಂಬ್ಲಿಯ ಅಮೃತಪ್ಪನವರು ತಮ್ಮ ಆಯುಷ್ಯದಲ್ಲಿ ಏನಿಲ್ಲವೆಂದರೂ ಇನ್ನೂರು ಸಲ ಸತ್ತಿದ್ದಾರೆ. ಸಾಯುವುದರಲ್ಲಿ ಅವರಿಗೆ ಸರಿಸಾಟಿಯಾದವರು ಧಾರವಾಡ ಸೀಮೆಯಲ್ಲೇ ಇರಲಿಲ್ಲ. ದೊಡ್ಡಾಟದಲ್ಲಿ ಅವರದು ಯಾವಾಗಲೂ ರಾಕ್ಷಸನ ಪಾತ್ರ, ದೊಡ್ಡಾಟದ ರಾಕ್ಷಸನಿಗೆ ಸಾಯದೆ ಬೇರೆ ಗತಿಯಿಲ್ಲ. ರಂಗದ ಹಲಗೆ ಮುರಿಯುವ ಹಾಗೆ ಕುಣಿಯುತ್ತ ಬರಬೇಕು, ಮೂರು ಲೋಕ ನನ್ನದೆಂದು ಹೇಳಿಕೊಳ್ಳಬೇಕು, ಕೊನೆಗೆ ನಾಯಕನ ಗದೆಯ ಪೆಟ್ಟು ತಿಂದು ಬೀಳಬೇಕು. ಮೂರನೆಯ ಪೆಟ್ಟಿಗೆ ಮದ್ದಳೆಯವನು ಮುಕ್ತಾಯ ಬಾರಿಸುತ್ತಾನೆ, ರಾಕ್ಷಸ "ಅಯ್ಯೋ ಕೆಟ್ಟೆನೋ" ಎಂದು ಅರಚಿ ನೆಲ ಕಾಣುತ್ತಾನೆ, ಇಬ್ಬರು ಬಂದು ಅಡ್ಡಪರದೆ ಹಿಡಿಯುತ್ತಾರೆ, ಹೆಣ ಪರದೆಯ ಹಿಂದೆ ಎದ್ದು ಹೋಗಿ ಚಹಾ ಕುಡಿಯುತ್ತದೆ. ಅಮೃತಪ್ಪನವರು ಬಿದ್ದ ಸದ್ದಿಗೆ ಮುಂದಿನ ಸಾಲಿನವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರಂತೆ. ಇದನ್ನು ಹೇಳುವವರು ಅವರೊಬ್ಬರೇ ಆದ್ದರಿಂದ ಸ್ವಲ್ಪ ಕಳೆದು ಕೇಳಬೇಕು.

ಇಂಥ ಕಲಾವಿದರು ಲಂಡನ್ನಿಗೆ ಬಂದದ್ದು ಕಲೆಯ ದೆಸೆಯಿಂದಲ್ಲ, ಹೆಂಡತಿಯ ದೆಸೆಯಿಂದ. ಶ್ರೀಲತಾ ಧಾರವಾಡದಲ್ಲಿ ನರ್ಸ್ ಆಗಿದ್ದವರು. ಇಲ್ಲಿನ ಆಸ್ಪತ್ರೆಗಳು ಸಮುದ್ರದಾಚೆಯಿಂದ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಎರಡು ಸಾವಿರದ ಒಂದನೇ ಇಸವಿಯಲ್ಲಿ, ಅವರಿಗೆ ಕೆಲಸ ಸಿಕ್ಕಿತು. ಅಮೃತಪ್ಪನವರು ಎಂಟು ವರ್ಷದ ಮಗಳನ್ನು ಕರೆದುಕೊಂಡು ಹಿಂದೆಯೇ ಬಂದರು, ಟ್ಯೂಬ್ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದರು. ಸ್ಟೇಡಿಯಂನಲ್ಲಿ ಪಂದ್ಯ ಮುಗಿದು ಸಾವಿರಾರು ಜನ ಒಮ್ಮೆಗೇ ನುಗ್ಗಿದಾಗ ಉಳಿದವರೆಲ್ಲ ಮೈಕಿಗೆ ಬಾಯಿ ಹಚ್ಚಿ ಕೂಗುತ್ತಿದ್ದರು. ಅಮೃತಪ್ಪನವರಿಗೆ ಮೈಕು ಬೇಕಾಗಿರಲಿಲ್ಲ. "ಕೀಪ್ ಮೂವಿಂಗ್" ಎಂದು ಅವರು ಹೊಟ್ಟೆಯೊಳಗಿಂದ ಒಂದು ಸಲ ಗರ್ಜಿಸಿದರೆ ಕುಡಿದವರೂ ನೆಟ್ಟಗೆ ನಡೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಲಂಡನ್ನಿನ ಜನಕ್ಕೆ ಹೀಗೆ ದಾರಿ ತೋರಿಸಿ ನಿವೃತ್ತರಾದರು. ಈಗ ಈಲಿಂಗ್ ರೋಡಿನಲ್ಲಿ ಮೆಂತ್ಯದ ಕಟ್ಟುಗಳನ್ನು ತಿರುವಿ ತಿರುವಿ ನೋಡಿ ಅಂಗಡಿಯವರ ತಾಳ್ಮೆ ಪರೀಕ್ಷಿಸುವುದು ಅವರ ಮುಖ್ಯ ಉದ್ಯೋಗ.

ಮಗಳು ವಂದನಾ ಡಾಕ್ಟರು, ಇಲ್ಫರ್ಡ್‌ನಲ್ಲಿ ಒಬ್ಬಳೇ ಇದ್ದಾಳೆ. ಭಾನುವಾರ ಬಿಡುವಾದರೆ ಬರುತ್ತಾಳೆ. ಅಪ್ಪನ ತೋಳಿಗೆ ಬಿಪಿಯ ಪಟ್ಟಿ ಸುತ್ತುತ್ತಾಳೆ, ಮಾತ್ರೆಯ ಡಬ್ಬಿ ತೆರೆದು ನೋಡುತ್ತಾಳೆ, ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅಮ್ಮನ ಪಕ್ಕದಲ್ಲಿ ಕೂತು ಊಟ ಮಾಡಿ ಹೊರಡುತ್ತಾಳೆ. ಜಗಳವಿಲ್ಲ, ಕೋಪವಿಲ್ಲ. ಆದರೆ ತೋಳಿನ ಪಟ್ಟಿ ಬಿಚ್ಚಿದ ಮೇಲೆ ಅವಳು ಅಪ್ಪನ ಬಳಿ ಒಂದು ಗಳಿಗೆಯೂ ಕೂರುವುದಿಲ್ಲ. ಇದಕ್ಕೆ ಕಾರಣ ತಮ್ಮ ಮುಖವೆಂದು ಅಮೃತಪ್ಪನವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಅವಳಿಗೆ ಐದು ವರ್ಷವಿದ್ದಾಗ ಊರಿನಲ್ಲಿ ಆಟವಿತ್ತು. ಬೆಳಗಿನ ಜಾವ ರಾಕ್ಷಸನ ವಧೆಯ ಹೊತ್ತಿಗೆ ಶ್ರೀಲತಾ ಮಗಳನ್ನು ಎಬ್ಬಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಆಟ ಮುಗಿದ ಮೇಲೆ ಅಮೃತಪ್ಪನವರು ಅರ್ಧ ಬಣ್ಣ ಒರೆಸಿದ ಮುಖದಲ್ಲೇ ಬಂದು "ಬಾ ಯವ್ವಾ" ಎಂದು ಎರಡೂ ಕೈ ಚಾಚಿದರು. ಹುಡುಗಿ ಕಿಟಾರನೆ ಕಿರುಚಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದಳು. ತಿಂಗಳುಗಟ್ಟಲೆ ಅಪ್ಪನ ಹತ್ತಿರ ಸುಳಿಯಲಿಲ್ಲ. ಅಮೃತಪ್ಪನವರಿಗೆ ಅದರಿಂದ ಬಹಳ ನೋವಾಯಿತು. ಮಗಳು ಅಂಜುವ ಮುಖವನ್ನು ಇನ್ನು ಬರೆದುಕೊಳ್ಳುವುದಿಲ್ಲವೆಂದು ಮತ್ತೆ ಯಾವ ಆಟಕ್ಕೂ ಹೋಗಲಿಲ್ಲ. ಲಂಡನ್ನಿಗೆ ಬಂದ ಮೇಲೆ ಕನ್ನಡ ಸಂಘದಲ್ಲಿ ಅವರು ಯಾವತ್ತಾದರೂ ನಾಲ್ಕು ಮಾತಾಡಲು ವೇದಿಕೆ ಹತ್ತಿದರೆ ಆ ದಿನ ವಂದನಾಳಿಗೆ ತಪ್ಪದೆ ಡ್ಯೂಟಿ ಇರುತ್ತಿತ್ತು.

ಹೀಗಿರುವಾಗ ವರುಣ್ ಬಂದ. ಬೆಂಗಳೂರಿನವನು, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ, ಸಂಘದ ಮಕ್ಕಳ ದಿನದ ಉಸ್ತುವಾರಿ. ಜಪಾನಿನ ದೈತ್ಯಪ್ರಾಣಿಗಳ ಸಿನಿಮಾ ಎಂದರೆ ಪ್ರಾಣ ಬಿಡುವವನು. ಆ ಧಾಟಿಯಲ್ಲಿ ಮಕ್ಕಳಿಗೊಂದು ನಾಟಕ ಬರೆದಿದ್ದ. ಮೂರು ಬಾಲದ ದುಷ್ಟಪ್ರಾಣಿಯೊಂದು ಲಂಡನ್ನನ್ನು ತುಳಿಯಲು ಬರುತ್ತದೆ, ನದಿಯೊಳಗಿಂದ ಇನ್ನೊಂದು ದೈತ್ಯ ಎದ್ದು ಬಂದು ಊರನ್ನು ಕಾಯುತ್ತದೆ. ನದಿಯ ದೈತ್ಯನಿಗೆ ಮಕ್ಕಳೇ ಥೇಮ್ಸಪ್ಪ ಎಂದು ಹೆಸರಿಟ್ಟಿದ್ದರು. ಆ ವೇಷವನ್ನು ಅಮೃತಪ್ಪನವರೇ ಹಾಕಬೇಕೆಂದು ಕೇಳಲು ವರುಣ್ ಮನೆಗೆ ಬಂದಿದ್ದ.

"ಅಂಕಲ್, ಆ ಸಿನಿಮಾಗಳಲ್ಲಿ ಮೊದಮೊದಲು ಈ ಪ್ರಾಣಿಗಳು ಊರು ಹಾಳು ಮಾಡೋಕೇ ಬರ್ತಿದ್ವು. ಆಮೇಲೆ ನೋಡಿ, ಮಕ್ಕಳಿಗೆ ಅವುಗಳ ಮೇಲೇ ಪ್ರೀತಿ ಬಂದುಬಿಡ್ತು. ಅದಕ್ಕೆ ಸಿನಿಮಾದವರು ಒಳ್ಳೇವನ್ನಾಗಿ ಮಾಡಿದ್ರು," ಎಂದು ವರುಣ್ ಫೋನಿನಲ್ಲಿ ತೋರಿಸಿದ. ಬೆಟ್ಟದಷ್ಟು ದೊಡ್ಡ ಪ್ರಾಣಿಯೊಂದು ಆಟಿಕೆಯಂಥ ಮನೆಗಳ ನಡುವೆ ಜಾಗರೂಕತೆಯಿಂದ ಕಾಲಿಡುತ್ತ ನಡೆಯುತ್ತಿತ್ತು.

ಅಮೃತಪ್ಪನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದರ ಒಳಗ ಮನಷ್ಯಾ ಅದಾನಲ್ಲೋ."

"ಹೌದು ಅಂಕಲ್. ರಬ್ಬರ್ ಸೂಟ್ ಹಾಕ್ಕೊಂಡು ಒಬ್ಬರು ಒಳಗಿರ್ತಿದ್ರು. ಸಿಕ್ಕಾಪಟ್ಟೆ ಸೆಕೆ, ಏನೂ ಕಾಣಿಸ್ತಿರಲಿಲ್ಲವಂತೆ."

"ಪಾಪ, ಅವನೂ ನಮ್ಮವನ ಬಿಡು," ಎಂದರು ಅಮೃತಪ್ಪನವರು. ಆಮೇಲೆ ತಮಗೆ ಮುಖ್ಯವೆನಿಸಿದ ಪ್ರಶ್ನೆ ಕೇಳಿದರು. "ಈ ಥೇಮ್ಸಪ್ಪ ಯಾವಾಗ ಸಾಯ್ತಾನ?"

"ಸಾಯಲ್ಲ ಅಂಕಲ್. ಗೆದ್ದ ಮೇಲೆ ಸುಮ್ಮನೆ ತಿರುಗಿ ನೀರಿಗೆ ವಾಪಸ್ ಹೋಗ್ತಾನೆ. ದಡದಲ್ಲಿ ಮಕ್ಕಳು ಕೈ ಬೀಸ್ತಾರೆ."

ಸಾಯದ ರಾಕ್ಷಸ, ಅದರಲ್ಲೂ ಮಕ್ಕಳು ಕೈ ಬೀಸುವ ರಾಕ್ಷಸ. ಅಮೃತಪ್ಪನವರು ಅಂದೇ ಸಂಜೆ ಮಗಳಿಗೆ ಫೋನ್ ಮಾಡಿದರು. ಈ ಸಲ ಬರಲೇಬೇಕು, ಅಂಜುವಂಥದ್ದೇನೂ ಇಲ್ಲ, ಒಳ್ಳೆಯ ರಾಕ್ಷಸ, ಮುಖವೂ ಕಾಣುವುದಿಲ್ಲ ಎಂದರು. ಕೊನೆಯಲ್ಲಿ ಏನಾಗುತ್ತದೆ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಏನಿಲ್ಲ, ನದಿಗೆ ವಾಪಸ್ ಹೋಗುತ್ತಾನೆ ಎಂದರು. "ಓಕೆ. ಬರ್ತೀನಿ," ಎಂದಳು. ವಾಪಸ್ ರೈಲು ಹಿಡಿಯುವ ಲೆಕ್ಕಕ್ಕೆ ಕೇಳಿರಬೇಕೆಂದು ಅವರು ಅದನ್ನು ಅಲ್ಲಿಗೇ ಬಿಟ್ಟರು. ಮಗಳು ಬರುತ್ತಾಳೆಂಬ ಖುಷಿಯೇ ಅವರಿಗೆ ಸಾಕಾಗಿತ್ತು.

ತಾಲೀಮು ಮೂರು ವಾರ ನಡೆಯಿತು. ಗರ್ಜನೆಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ತೊಂದರೆಯಾದದ್ದು ಹೋಗುವುದರಲ್ಲಿ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದೆಂದು ಗುರುಗಳು ಬೆತ್ತದ ಏಟು ಕೊಟ್ಟು ಕಲಿಸಿದ್ದರು. ಈಗ ಬೆನ್ನು ತೋರಿಸಿಯೇ, ಅದೂ ನಿಧಾನವಾಗಿ, ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಹೋಗಬೇಕಂತೆ. ಫ್ಲ್ಯಾಟಿನ ಲಿಫ್ಟಿನಿಂದ ಬಾಗಿಲ ತನಕ ಅವರು ಹಾಗೇ ನಡೆದು ಅಭ್ಯಾಸ ಮಾಡಿದರು. ಎದುರು ಮನೆಯ ಗುಜರಾತಿ ಮುದುಕಿ ಕನಿಕರದಿಂದ ಮೊಣಕಾಲಿನ ಎಣ್ಣೆಯೊಂದನ್ನು ತಂದುಕೊಟ್ಟಳು.

"ಇನ್ನೂರು ಸಲ ಸತ್ತು ತೋರಿಸೀರಿ, ಒಂದ್ ಸಲ ಬದುಕಿ ತೋರಿಸ್ರಿ ನೋಡೋಣು," ಎಂದು ಶ್ರೀಲತಾ ಅಡುಗೆಮನೆಯಿಂದಲೇ ಕಾಲೆಳೆದರು.

ಮಕ್ಕಳ ದಿನ ಭಾನುವಾರ ಮಧ್ಯಾಹ್ನ, ವೆಂಬ್ಲಿಯ ಶಾಲೆಯೊಂದರ ಸಭಾಂಗಣದಲ್ಲಿ. ವೇದಿಕೆಯ ಮೇಲೆ ರಟ್ಟಿನ ಡಬ್ಬಿಗಳಿಂದ ಕಟ್ಟಿದ ಲಂಡನ್, ಹಿಂದೆ ನದಿಯೆಂದು ಹಾಸಿದ ಉದ್ದನೆಯ ನೀಲಿ ಬಟ್ಟೆ. ಹಳೆಯ ಯೋಗಾ ಮ್ಯಾಟುಗಳಿಂದ ಮಾಡಿದ ಹಸಿರು ವೇಷದೊಳಗೆ ಅಮೃತಪ್ಪನವರು ಬೆವರುತ್ತಿದ್ದರು. ಕತ್ತಿನ ಹತ್ತಿರ ಕೊರೆದ ಎರಡು ತೂತುಗಳಲ್ಲಿ ಅವರಿಗೆ ಕಂಡದ್ದು ಮೂರನೆಯ ಸಾಲು, ಅಲ್ಲಿ ಶ್ರೀಲತಾ, ಪಕ್ಕದಲ್ಲಿ ಕೋಟು ಬಿಚ್ಚದೆ ಕೂತಿದ್ದ ವಂದನಾ.

ಆರಂಭಕ್ಕೆ ಐದು ನಿಮಿಷವಿದ್ದಾಗ ಸ್ಪೀಕರ್ ಕೆಟ್ಟಿತು. ತಾಲೀಮಿನಲ್ಲೆಲ್ಲ ಬಳಸಿದ್ದ ಸಂಗೀತ ಫೋನಿನೊಳಗೇ ಉಳಿಯಿತು. ವರುಣ್ ತಲೆಯ ಮೇಲೆ ಕೈ ಹೊತ್ತುಕೊಂಡ. ಆಗ ಸಂಘದ ಭಜನೆಗೆ ಡೋಲಕ್ ನುಡಿಸುವ ಶಿವಪ್ರಕಾಶ, "ಅದಕ್ಯಾಕ ಚಿಂತಿ, ನಾ ಬಾರಿಸ್ತೀನಿ," ಎಂದು ವೇದಿಕೆಯ ಮಗ್ಗುಲಲ್ಲಿ ಕೂತರು. ಅವರು ರಾಣೆಬೆನ್ನೂರಿನ ಕಡೆಯವರು, ಹಲ್ಲಿನ ಡಾಕ್ಟರು. ಅವರ ಸೋದರಮಾವ ದೊಡ್ಡಾಟಕ್ಕೆ ಮದ್ದಳೆ ಬಾರಿಸುತ್ತಿದ್ದವರೆಂಬುದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಯಾರೂ ಅದರಲ್ಲಿ ಅಪಾಯ ಕಾಣುತ್ತಿರಲಿಲ್ಲ.

ಥೇಮ್ಸಪ್ಪ ನೀಲಿ ಬಟ್ಟೆಯಿಂದ ಎದ್ದಾಗ ಮಕ್ಕಳು ಕುರ್ಚಿ ಹತ್ತಿ ನಿಂತರು. ಅವನು ರಟ್ಟಿನ ಸೇತುವೆಯನ್ನು ದಾಟುವಾಗ ತುಳಿಯದಂತೆ ಪಾದ ಎತ್ತಿ ಪಕ್ಕಕ್ಕಿಟ್ಟದ್ದಕ್ಕೆ ಚಪ್ಪಾಳೆ ಬಂತು. ಮೂರು ಬಾಲದ ದುಷ್ಟಪ್ರಾಣಿಯಾಗಿ ವರುಣ್ ಎದುರಾದ. ಯುದ್ಧ ಶುರುವಾಯಿತು. ವರುಣ್ ಬಾಲದಿಂದ ಮೂರು ಪೆಟ್ಟು ಹೊಡೆಯಬೇಕು, ಥೇಮ್ಸಪ್ಪ ತಡೆದುಕೊಂಡು ತಿರುಗಿ ಒಂದು ಹೊಡೆಯಬೇಕು, ಅಲ್ಲಿಗೆ ದುಷ್ಟನ ಕಥೆ ಮುಗಿಯಬೇಕು. ಡೋಲಕ್ ಬಿರುಸಾಯಿತು. ಯುದ್ಧವೆಂದರೆ ಶಿವಪ್ರಕಾಶರ ಬೆರಳುಗಳಿಗೆ ಗೊತ್ತಿದ್ದದ್ದು ಒಂದೇ. ಒಂದು ಪೆಟ್ಟು, ಎರಡು ಪೆಟ್ಟು. ಮೂರನೆಯದಕ್ಕೆ ಅವರು ಕಣ್ಣು ಮುಚ್ಚಿ, ಸೋದರಮಾವನನ್ನು ನೆನೆದು, ವಧೆಯ ಮುಕ್ತಾಯ ಬಾರಿಸಿದರು.

ಇಪ್ಪತ್ತೇಳು ವರ್ಷದ ಮೇಲೆ ಕೇಳಿದ ಆ ಸದ್ದಿಗೆ ಅಮೃತಪ್ಪನವರ ಮೈ ಅವರನ್ನು ಒಂದು ಮಾತೂ ಕೇಳಲಿಲ್ಲ. "ಅಯ್ಯೋ ಕೆಟ್ಟೆನೋ" ಎಂಬ ಅರಚು ಸಭಾಂಗಣದ ಕಿಟಕಿಯ ಗಾಜುಗಳನ್ನು ನಡುಗಿಸಿತು. ಲಂಡನ್ನನ್ನು ಕಾಯಬೇಕಾದ ಥೇಮ್ಸಪ್ಪ ಅರ್ಧ ಲಂಡನ್ನಿನ ಮೇಲೆ ದೊಪ್ಪನೆ ಬಿದ್ದು ಸತ್ತ.

ಕುರ್ಚಿ ಹತ್ತಿದ್ದ ಮಕ್ಕಳು ಕೆಳಗಿಳಿದರು. ಹಿಂದೆ ಯಾವುದೋ ಮಗು ಅಳತೊಡಗಿತು. ವರುಣ್ ಬಗ್ಗಿ, "ಅಂಕಲ್, ನೀವು ಸಾಯೋ ಹಂಗಿಲ್ಲ, ಎದ್ದೇಳಿ," ಎಂದು ಪಿಸುಗುಟ್ಟಿದ. ಅಮೃತಪ್ಪನವರಿಗೆ ತಪ್ಪು ಆಗಲೇ ಅರಿವಾಗಿತ್ತು. ಆದರೆ ಬಿದ್ದ ಮೇಲೆ ಜನರ ಕಣ್ಣೆದುರು ಏಳುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅದು ಅವರ ವಿದ್ಯೆಯಲ್ಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ನಾಚಿಕೆಯಿಂದ ಬೇಯುತ್ತ, ಅಡ್ಡಪರದೆಗಾಗಿ ಕಾದು ಮಲಗಿದರು. ಮಗಳು ನೋಡಲಿ ಎಂದು ಕರೆಸಿದ್ದು ಇದಕ್ಕೇನು ಎಂದುಕೊಂಡರು.

ವೇದಿಕೆಯ ಮೆಟ್ಟಿಲ ಮೇಲೆ ಯಾರೋ ಓಡಿ ಬಂದ ಸದ್ದಾಯಿತು. ಯೋಗಾ ಮ್ಯಾಟಿನ ಕತ್ತಿನೊಳಗೆ ತಣ್ಣನೆಯ ಎರಡು ಬೆರಳು ತೂರಿ ಅವರ ನಾಡಿ ಹುಡುಕಿದವು. ನಾಡಿ ಸಿಕ್ಕಿದ ಮೇಲೂ ಅಲ್ಲೇ ಇದ್ದವು.

"ಅಪ್ಪಾ, ಏಳು," ಎಂದಳು ವಂದನಾ. ಕನ್ನಡದಲ್ಲಿ.

"ಏನಾಗಿಲ್ಲ ಯವ್ವಾ. ತಾಳ ಕೇಳಿ ಬಿದ್ಬಿಟ್ಟೆ. ಆಟದಾಗ ಸತ್ತೀನಿ, ಅಷ್ಟ."

"ಅವತ್ತೂ ಎಲ್ಲಾರೂ ಹಂಗ ಅಂದ್ರು. ಆಟದಾಗ ಸತ್ತಾನ, ಅಷ್ಟ ಅಂದ್ರು. ನೀ ಏಳಲೇ ಇಲ್ಲ. ಪರದೆ ಹಿಡಿದ್ಬಿಟ್ರು."

ಅಮೃತಪ್ಪನವರು ತೂತಿನೊಳಗಿಂದ ಅವಳನ್ನು ನೋಡಿದರು. "ನನ್ನ ಮುಖಕ್ಕ ಅಂಜಿದಿ ಅಂತ ನಾ ತಿಳಕೊಂಡಿದ್ದೆ."

"ಯಾವ ಮುಖ? ಸತ್ತಾವ ಬಂದು ಕೈ ಚಾಚಿದ್ರ ಅಂಜದ ಏನ್ ಮಾಡ್ಲಿ? ಐದು ವರ್ಷದಾಕಿ ನಾ."

ಅಷ್ಟರಲ್ಲಿ ಸಂಘದ ಇಬ್ಬರು, ಆಭಾಸವನ್ನು ಮುಚ್ಚಲೆಂದು, ನದಿಯ ನೀಲಿ ಬಟ್ಟೆಯನ್ನೇ ಎತ್ತಿ ಇಬ್ಬದಿಯಲ್ಲೂ ಹಿಡಿದು ಅಡ್ಡ ಬಂದರು. ವಂದನಾ ಅದನ್ನು ಕೈಯಿಂದ ಕೆಳಗೆಳೆದಳು.

"ಬ್ಯಾಡ. ಪರದೆ ಬ್ಯಾಡ. ಹಂಗ ಏಳ್ಲಿ."

ಅಮೃತಪ್ಪನವರು ಎಡಗೈ ಊರಿದರು. ವೇಷದ ಬಾಲ ಕಾಲಿಗೆ ತೊಡರಿತು. ಮೊದಲ ಸಲ ಏಳಲಾಗಲಿಲ್ಲ, ಎರಡನೆಯ ಸಲ ಮೊಣಕಾಲ ತನಕ ಬಂದು ಮತ್ತೆ ಕುಸಿದರು. ಶ್ರೀಲತಾ ಕೆಳಗಿನಿಂದ, "ಕೈ ಕೊಡಬಾರದೇನ," ಎಂದರು. ವಂದನಾ ಕೊಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ವೇದಿಕೆಯ ಮೇಲೆಯೇ, ಮಕ್ಕಳ ಹಾಗೆ ಮಂಡಿ ಮಡಚಿ ಕೂತಳು. ಮೂರನೆಯ ಸಲಕ್ಕೆ ಅವರು ಪೂರ್ತಿ ಎದ್ದು ನಿಲ್ಲುವವರೆಗೂ ಅವಳು ಕಣ್ಣು ಬೇರೆಡೆ ಹೊರಳಿಸಲಿಲ್ಲ.